ಜ್ವರದ ದುವಾ ಹಿಡಿದು ಕೈರೋಗೆ

ಕಿವಿಯಲ್ಲಿ ಅರಳೆ

ನಾನು ಮೊದಲ ಸಲ ವಿಮಾನ ಹತ್ತಿದ್ದು ಐವತ್ತನಾಲ್ಕನೆಯ ವಯಸ್ಸಿಗೆ, ಎರಡೂ ಕಿವಿಗೆ ಅರಳೆ ತುರುಕಿಕೊಂಡು. ಅರಳೆ ಕೊಟ್ಟವನು ನಮ್ಮಣ್ಣ ಇಮಾಮಸಾಬ. ಲಕ್ಷ್ಮೇಶ್ವರದಲ್ಲಿ ನಮ್ಮದು ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆ. ಬೇರೆಯವರು ತಂಗಿಯನ್ನು ಕಳಿಸುವಾಗ ಉಂಡಿ, ಚಟ್ನಿಪುಡಿ ಕಟ್ಟಿಕೊಡುತ್ತಾರೆ. ಇವನು ಅದನ್ನೂ ಕಟ್ಟಿ, ಮೇಲೊಂದು ಹಿಡಿ ಅರಳೆ ಇಟ್ಟಿದ್ದ.

"ಮ್ಯಾಲ ಹೋದಂಗ ಕಿವಿ ಧಿಂ ಅಂತಾವಂತ. ಇದು ಜಾತಿ ಅರಳಿ ನೋಡವಾ, ಒಂದ ಬೀಜ ಇಲ್ಲ" ಎಂದ.

ಹಾಕಿಕೊಂಡೆ. ವಿಮಾನ ಏರುವ ಹೊತ್ತಿಗೆ ಎದುರಿನ ಪರದೆಯಲ್ಲಿ ಏನೋ ಅಕ್ಷರಗಳು ಹರಿದವು. ಕನ್ನಡಕ ಮೇಲಿನ ಚೀಲದಲ್ಲಿತ್ತು. ಅಕ್ಕಪಕ್ಕದವರ ತುಟಿಗಳು ಅಲುಗಿದವು. ನನಗೆ ಮಾತ್ರ ನಮ್ಮ ಅಂಗಡಿಯ ಮೆತ್ತನೆಯ ಮೌನ. ಕಿಟಕಿಯ ಹೊರಗೆ ನೋಡಿದರೆ ಅಲ್ಲಿಯೂ ಯಾರೋ ರಾಶಿ ರಾಶಿ ಹಿಂಜಿಟ್ಟಿದ್ದರು. ಅಪ್ಪ ಇದ್ದಿದ್ದರೆ ಎಷ್ಟು ಗಾದಿ ಆಗುತ್ತವೆ ಎಂದು ಹೇಳಿಬಿಡುತ್ತಿದ್ದ ಅಂದುಕೊಳ್ಳುತ್ತಲೇ ನಿದ್ದೆ ಹೋದೆ.

ಮುಂಬಯಿಯಲ್ಲಿ ಕಾಗದಪತ್ರ ನೋಡುವ ಅಧಿಕಾರಿ ಯಾಕೆ ಹೋಗುತ್ತಿದ್ದೀರಿ ಎಂದು ಕೇಳಿದ್ದ. ಕ್ರಿಯಾಪದ ಕಲಿಯಲು ಎಂದಿದ್ದೆ. ನನ್ನನ್ನೂ ಪಾಸ್‌ಪೋರ್ಟನ್ನೂ ಎರಡೆರಡು ಸಲ ನೋಡಿ ಮುದ್ರೆ ಒತ್ತಿದ. ಸುಳ್ಳೇನೂ ಹೇಳಿರಲಿಲ್ಲ ನಾನು.

ಅವ್ವನ ಕೇಳಿಕೆ

ಕಾರಣ ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಹೆಂಗಸಿಗೇನು ಹುಚ್ಚು ಎನ್ನುತ್ತೀರಿ.

ನಮ್ಮವ್ವ ಅರ್ಧ ಊರಿನ ಮಕ್ಕಳಿಗೆ ಜ್ವರಕ್ಕೆ ಊದಿದವಳು. ಸಂಜೆಯಾದರೆ ನಮ್ಮ ಕಟ್ಟೆಯ ಮೇಲೆ ಕೂಸು ಎತ್ತಿಕೊಂಡ ತಾಯಂದಿರು ಕೂತಿರುತ್ತಿದ್ದರು. ನಮ್ಮವರು, ಬೇರೆಯವರು ಎಂಬುದೇನಿಲ್ಲ, ಬಾಳೆಹೊಸೂರಿನಿಂದಲೂ ಬರುತ್ತಿದ್ದರು. ಅವ್ವ ಕೂಸಿನ ನೆತ್ತಿಯ ಮೇಲೆ ಕೈಯಿಟ್ಟು ಅರಬ್ಬಿಯ ಒಂದು ದುವಾ, ಎಂದರೆ ಪ್ರಾರ್ಥನೆ, ಹೇಳಿ, ಕಡೆಯ ಅಕ್ಷರವನ್ನು ಎಳೆದೆಳೆದು, ಫೂ ಎಂದು ಊದುವಳು. ಏನು ಹೇಳುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಆಡುವ ಮಾತು ಕನ್ನಡ. ಅರಬ್ಬಿಯ ಅಕ್ಷರ ಕೂಡಿಸಿ ಓದಲು ಹೆಣ್ಣುಮಕ್ಕಳಿಗೆಲ್ಲ ಬರುತ್ತದೆ, ಅರ್ಥ ಯಾರಿಗೂ ಬರುವುದಿಲ್ಲ. ನನಗೂ ಅಷ್ಟೇ.

ಎದುರು ಮನೆಯ ಶಾಂತವ್ವನ ಚೊಚ್ಚಲು ಕೂಸಿಗೆ ಜ್ವರ ಬಂತು. ಗದಗಿನ ದವಾಖಾನೆಗೆ ಒಯ್ಯುವ ಮುನ್ನ ಅವ್ವನ ಹತ್ತಿರ ತಂದರು. ಅವ್ವ ಊದಿದಳು. ಗದಗು ಮುಟ್ಟುವ ಮೊದಲೇ ಕೂಸು ಹೋಯಿತು. ಶಾಂತವ್ವ ಒಂದು ಮಾತು ಅನ್ನಲಿಲ್ಲ. ಆಮೇಲೆ ಹುಟ್ಟಿದ ಮೂವರನ್ನೂ ಊದಿಸಲು ನಮ್ಮಲ್ಲಿಗೇ ತಂದಳು. ಅವಳು ಏನೂ ಅನ್ನದೆ ಇದ್ದದ್ದೇ ಅವ್ವನ ಎದೆಯಲ್ಲಿ ನಿಂತುಬಿಟ್ಟಿತ್ತು. ನಲವತ್ತು ವರ್ಷ ಅವ್ವ ಅದನ್ನು ಯಾರಿಗೂ ಹೇಳಿರಲಿಲ್ಲ. ಹೋದ ವರ್ಷ ಸೊಂಟದ ಎಲುಬು ಮುರಿದು ಪಡಸಾಲೆಯ ಮಂಚ ಹಿಡಿದಳು ನೋಡಿ, ಆಗ ಒಂದು ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡಳು.

"ದಾವಲಿ, ಅವತ್ತ ಆ ಕೂಸಿನ ಮ್ಯಾಲ ನಾ ಏನ ಅಂದೆ ಬೇ? ತಪ್ಪ ಏನರ ಅಂದ್ನೇನು?"

"ದುವಾ ಅಲ್ಲೇನವ್ವಾ, ಅದು ತಪ್ಪ ಹೆಂಗ ಆಗತೈತಿ?"

"ನಿನಗ ಗೊತ್ತೈತೇನು? ಇಲ್ಲ. ನನಗೂ ಇಲ್ಲ. ತಿಳೀಲಾರದ ಹೋಗಾಕ ನಾ ಒಲ್ಲೆ."

ಮೌಲ್ವಿಗಳನ್ನು ಕೇಳೋಣವೆಂದರೆ ಬೇಡ, ನಾಳೆಯೇ ಊರಿಗೆಲ್ಲ ಖಬರಾಗುತ್ತದೆ. ಫೋನಿನಲ್ಲಿ ಹುಡುಕೋಣವೆಂದರೆ ಅದೂ ಬೇಡ. "ಅದು ಮೊದಲ ಎಲ್ಲಾರಿಗೂ ಹೇಳಿ ಆಮ್ಯಾಲ ನಿನಗ ಹೇಳ್ತೈತಿ. ನೀ ಶಾಣ್ಯಾಕಿ ಅದಿ, ಸಾಲ್ಯಾಗ ಕಲಿಸೀದಿ. ನೀನ ಕಲ್ತು, ನೀನ ನನಗ ಹೇಳು" ಎಂದಳು. ತಲೆಯ ಮೇಲೆ ಕೈಯಿರಿಸಿ ಆಣೆ ಮಾಡಿಸಿಕೊಂಡಳು.

ಖರೆ ಹೇಳಬೇಕೆಂದರೆ ನನಗೂ ಒಂದು ನೆವ ಬೇಕಾಗಿತ್ತು. ಶಿರಹಟ್ಟಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಧಾತು, ಪ್ರತ್ಯಯ, ಕಾಲ ಎಂದು ಹುಡುಗರ ತಲೆಗೆ ಕುಟ್ಟಿದವಳು ನಾನು. ಆಗಷ್ಟೇ ನೌಕರಿ ಬಿಟ್ಟಿದ್ದೆ. ಹೊರಗಿನವರಿಗೆ ಮನೆಯಲ್ಲೇ ಅರಬ್ಬಿ ಕಲಿಸುವವರು ಕೈರೋದಲ್ಲಿದ್ದಾರೆ ಎಂದು ತಿಳಿದು, ಮೂರು ತಿಂಗಳ ಪಾಠಕ್ಕೆ ಹೆಸರು ಹಚ್ಚಿದೆ. "ಕನ್ನಡ ವ್ಯಾಕರಣ ಮುಗೀತು, ಇನ್ನ ಅರಬರ ಪಾಳಿ" ಎಂದು ನಮ್ಮ ಮನೆಯವರು ನಕ್ಕರು. ಆದರೆ ಬಸ್‌ಸ್ಟ್ಯಾಂಡಿನ ತನಕ ಚೀಲ ಹೊತ್ತದ್ದೂ ಅವರೇ.

ಮೂರನೆಯ ಮಹಡಿ

ಕೈರೋ ನನಗೆ ಮೊದಲು ಕಂಡದ್ದು ಊರಾಗಿ ಅಲ್ಲ, ಒಂದು ಬಣ್ಣವಾಗಿ. ಗೋಡೆ, ಗಿಡ, ಕಾರು, ಆಕಾಶ ಎಲ್ಲದರ ಮೇಲೂ ತೆಳ್ಳಗೆ ಧೂಳು. ಅದರ ಮೇಲೆ ಬೆಳಗಿನ ಬಿಸಿಲು ಬಿದ್ದರೆ ಇಡೀ ಪೇಟೆ ಬೆಲ್ಲದ ನೀರಿನಲ್ಲಿ ಅದ್ದಿದಂತೆ ಕಾಣುತ್ತಿತ್ತು. ಮಾಳಿಗೆಗಳ ಮೇಲೆ ಮರದ ಎತ್ತರದ ಪಾರಿವಾಳದ ಗೂಡುಗಳು. ಸಂಜೆ ಯಾರೋ ಬಾವುಟ ಬೀಸುತ್ತಾರೆ, ಹಕ್ಕಿಗಳು ಸುತ್ತು ಹಾಕುತ್ತವೆ, ಒಂದೇ ಸುತ್ತು, ಮತ್ತೆ ಅದೇ ಸುತ್ತು. ನೋಡುತ್ತಾ ನಿಂತರೆ ಒಲೆಯ ಮೇಲಿಟ್ಟ ಹಾಲು ಉಕ್ಕಿದ್ದೂ ತಿಳಿಯುತ್ತಿರಲಿಲ್ಲ.

ನನ್ನ ಕೋಣೆ ಇದ್ದದ್ದು ಮೂರನೆಯ ಮಹಡಿಯಲ್ಲಿ. ಅಲ್ಲಿಯ ಹೆಂಗಸರು ಕಾಯಿಪಲ್ಲೆಗೆ ಕೆಳಗಿಳಿಯುವುದಿಲ್ಲ. ಹಗ್ಗ ಕಟ್ಟಿದ ಬುಟ್ಟಿಯನ್ನು ಬಾಲ್ಕನಿಯಿಂದ ಇಳಿಬಿಡುತ್ತಾರೆ, ಗಾಡಿಯವನು ತುಂಬಿಸುತ್ತಾನೆ, ಮೇಲೆ ಎಳೆದುಕೊಳ್ಳುತ್ತಾರೆ. ನನಗೆ ಇದು ಬಹಳ ಹಿಡಿಸಿತು. ಒಂದು ಬುಟ್ಟಿ ತಂದು, ಕಲಿತ ಅರಬ್ಬಿಯನ್ನೆಲ್ಲ ನಾಲಿಗೆಯ ತುದಿಗೆ ತಂದುಕೊಂಡು ಗಾಡಿಯವನನ್ನು ಕೂಗಿದೆ. ಅವನು ತಲೆಯೆತ್ತಿ ನೋಡಿ, ಪಕ್ಕದ ಅಂಗಡಿಯವನನ್ನು ಕರೆದ. ಅವನು ಮತ್ತೊಬ್ಬನನ್ನು ಕರೆದ. ಇನ್ನೊಮ್ಮೆ ಹೇಳಿ ಹಜ್ಜಾ, ಇನ್ನೊಮ್ಮೆ ಹೇಳಿ ಎಂದು ಎಲ್ಲರೂ ಅಂಗಲಾಚಿದರು. ವಯಸ್ಸಾದ ಹೆಂಗಸರನ್ನು ಅಲ್ಲಿ ಹಾಗೆ ಕರೆಯುತ್ತಾರೆ. ನನಗೆ ಆಮೇಲೆ ತಿಳಿದದ್ದು ಇದು: ನಾನು ಕಲಿಯುತ್ತಿದ್ದದ್ದು ಗ್ರಂಥದ ಅರಬ್ಬಿ, ಅವರು ಆಡುವುದು ಬೀದಿಯ ಅರಬ್ಬಿ. ಗದಗಿನ ಸಂತೆಯಲ್ಲಿ ಯಾರಾದರೂ ನಿಂತು "ಎಲೈ ವ್ಯಾಪಾರಿಯೇ, ಎನಗೆ ಬದನೆಕಾಯಿಗಳನ್ನು ದಯಪಾಲಿಸುವಂಥವನಾಗು" ಎಂದರೆ ಹೇಗೋ ಹಾಗೆ. ನಾಚಿಕೆಯಿಂದ ಹಗ್ಗ ಜಾರಿತು. ಬುಟ್ಟಿ ಎರಡನೆಯ ಮಹಡಿಯವರ ಒಣಹಾಕಿದ ಅರಿವೆಯೊಳಗೆ ಬಿತ್ತು. ಮರುದಿನದಿಂದ ನಾನು ಮೆಟ್ಟಿಲಿಳಿದೇ ಹೋದೆ. ಆದರೂ ಆ ಗಾಡಿಯವ ನನಗೆ ಮಾತ್ರ ಬದನೆಕಾಯಿಯನ್ನು ಎರಡೂ ಕೈಯಿಂದ, ಸ್ವಲ್ಪ ಬಾಗಿ ಕೊಡುತ್ತಿದ್ದ.

ಮೂರು ಅಕ್ಷರ

ಪಾಠ ನಡೆಯುತ್ತಿದ್ದದ್ದು ಉಸ್ತಾದಾ ಸುಹೈರ್ ಅವರ ಮನೆಯ ಮಾಳಿಗೆಯ ಮೇಲೆ. ಉಸ್ತಾದಾ ಎಂದರೆ ಮೇಡಂ. ಎಪ್ಪತ್ತರ ಹತ್ತಿರದ ತೆಳ್ಳನೆಯ ಹೆಂಗಸು. ಮಡಿಲಲ್ಲಿ ಬಟಾಣಿಯೋ ಬೆಂಡೆಯೋ ಇಲ್ಲದೆ ಪಾಠ ಶುರು ಮಾಡಿದ್ದೇ ಇಲ್ಲ. ಅವರು ಆಡುತ್ತಿದ್ದದ್ದು ಅರ್ಧ ಅರಬ್ಬಿ, ಅರ್ಧ ಇಂಗ್ಲಿಷು. ನನ್ನ ಕಿವಿ ಅದನ್ನು ನಮ್ಮ ಕಡೆಯ ಮಾತಿಗೆ ತಿರುಗಿಸಿಯೇ ಒಳಗೆ ಬಿಟ್ಟುಕೊಳ್ಳುತ್ತಿತ್ತು, ಹಾಗೇ ಬರೆಯುತ್ತೇನೆ.

"ಮೂರ ಅಕ್ಷರ ಗಟ್ಟಿ ಹಿಡಕೊ ಹಜ್ಜಾ. ಉಳಿದದ್ದ ತಾನ ನಡಕೋತ ಬರತೈತಿ" ಎಂದರು ಮೊದಲ ದಿನ.

ಕ, ತ, ಬ ಎಂಬ ಮೂರರಲ್ಲಿ ಬರೆಯುವುದು ಇದೆ. ಕತಬ ಎಂದರೆ ಬರೆದ. ಕಾತಿಬ್ ಬರೆಯುವವನು, ಮಕ್ತೂಬ್ ಬರೆದದ್ದು. ನಮ್ಮ ಕಿತಾಬು ಅದೇ ಮನೆತನದ್ದು. ಕನ್ನಡದಲ್ಲಿ ಧಾತು ಮುಂದೆ ನಿಲ್ಲುತ್ತದೆ, ಪ್ರತ್ಯಯಗಳು ಹಿಂದೆ ಸಾಲಾಗಿ ಬರುತ್ತವೆ. ಇಲ್ಲಿ ಹಾಗಲ್ಲ, ಧಾತುವಿನ ಹೊಟ್ಟೆಯೊಳಗೇ ಕೈಹಾಕಿ ಸ್ವರ ಬದಲಿಸುತ್ತಾರೆ. ಅಳತೆಗಳು ಮೊದಲೇ ಸಿದ್ಧ ಇರುತ್ತವೆ. ನಮ್ಮ ಅಂಗಡಿಯಲ್ಲಿ ಗಾದಿಯ ಖೋಳು ಮೊದಲೇ ಹೊಲಿದಿಟ್ಟಿರುತ್ತೇವೆ, ಯಾವ ಹತ್ತಿ ತುಂಬಿದರೂ ಅದೇ ಆಕಾರಕ್ಕೆ ಬರುತ್ತದೆ. ಅಷ್ಟು ತಿಳಿದ ಮೇಲೆ ನನಗೆ ಅರಬ್ಬಿಯ ಹೆದರಿಕೆ ಹೋಯಿತು.

ಆಮೇಲೆ ರೂಪಗಳನ್ನು ಒಪ್ಪಿಸುವುದು. ಅವನು ಬರೆದ, ಅವಳು ಬರೆದಳು, ನೀನು, ನಾನು. ನಾನು ತಪ್ಪಿದಾಗಲೆಲ್ಲ ಉಸ್ತಾದಾ ಬಟಾಣಿಯ ಸಿಪ್ಪೆ ಎತ್ತಿ ತೋರಿಸಿ "ತಕರಾರ್, ತಕರಾರ್" ಎನ್ನುತ್ತಿದ್ದರು. ನನ್ನದು ಮೊದಲೇ ಮುಂಗೋಪ. ಇಷ್ಟು ದೂರ ಬಂದು ಇವರ ಜೊತೆ ನಾನೇನು ತಕರಾರು ಮಾಡಿದೆ ಎಂದು ಮೂರು ದಿನ ಮುಖ ಊದಿಸಿಕೊಂಡಿದ್ದೆ. ಆಮೇಲೆ ತಿಳಿಯಿತು, ಅಲ್ಲಿ ಅದರ ಅರ್ಥ ಮತ್ತೆ ಮತ್ತೆ ಹೇಳುವುದು. ನಮ್ಮ ಓಣಿಯ ತಕರಾರುಗಳೂ ಹೇಳಿದ್ದನ್ನೇ ಹೇಳುವುದಲ್ಲದೆ ಮತ್ತೇನು!

ಎಲ್ಲಕ್ಕಿಂತ ನನ್ನನ್ನು ಮರುಳು ಮಾಡಿದ್ದು ಇಬ್ಬರಿಗೆಂದೇ ಇರುವ ರೂಪ. ಒಬ್ಬರಿಗೆ ಒಂದು, ಬಹಳ ಮಂದಿಗೆ ಒಂದು, ಬರೀ ಇಬ್ಬರಿಗೇ ಬೇರೆ ಒಂದು. ಜಲಸತಾ ಎಂದರೆ ಇಬ್ಬರು ಹೆಂಗಸರು ಕೂತರು. ಹೆಸರು ಹೇಳಬೇಕಿಲ್ಲ, ಎಣಿಸಬೇಕಿಲ್ಲ, ಕ್ರಿಯಾಪದದೊಳಗೇ ಇಬ್ಬರೂ ಒತ್ತಿಕೊಂಡು ಕೂತಿರುತ್ತಾರೆ. ಮಧ್ಯಾಹ್ನದ ಬಿಸಿಲಿಗೆ ಕೋಣೆಯ ಕಿಟಕಿ ಮುಚ್ಚಿ ಮಲಗಿದರೆ ನಿದ್ದೆಗೂ ಎಚ್ಚರಕ್ಕೂ ನಡುವೆ ಆ ಶಬ್ದ ತೇಲಿಬರುತ್ತಿತ್ತು. ಅವ್ವ ಮತ್ತು ನಾನು ಕೂತೆವು. ಅವ್ವ ಮತ್ತು ಶಾಂತವ್ವ ಕೂತರು, ನಡುವೆ ಒಂದು ಕೂಸು. ಎಚ್ಚರವಾದರೆ ಕೆಳಗೆ ಬೀದಿಯಲ್ಲಿ ರೊಟ್ಟಿಯವನ ಸೈಕಲ್ಲಿನ ಗಂಟೆ. ನಾನು ಎಲ್ಲಿದ್ದೇನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು.

ಒಂದು ದಿನ ಚಹಾದ ಗ್ಲಾಸು ನನ್ನ ಕೈಯಿಂದ ಬಿತ್ತು. ಪಾಠದ ಧ್ಯಾನದಲ್ಲೇ ಇದ್ದೆನಲ್ಲ, "ಕಸರ್ತು" ಎಂದೆ. ನಾನು ಒಡೆದೆ ಎಂದು. ಉಸ್ತಾದಾ ತಲೆಯಾಡಿಸಿದರು.

"ಹಂಗ ಅನ್ನಬಾರದು. ಇನ್ಕಸರ ಅನ್ನು. ಮುಂದ ಒಂದ ಇನ್ ಹಚ್ಚಿದ್ರ ತಾನ ಒಡೀತು ಅಂತ ಆಗತೈತಿ. ಒಡದಾಕಿ ಯಾರೂ ಇಲ್ಲ."

ಗ್ಲಾಸಿನ ಚೂರು ಆರಿಸುತ್ತಾ ನನಗೆ ಕಣ್ಣಲ್ಲಿ ನೀರು ಬಂತು. ಅವರು ಇನ್ನೊಂದು ಗ್ಲಾಸಿಗೆ ಚಹಾ ಬಗ್ಗಿಸಿದರು.

ಬಸ್ಸಿನ ಹೆಂಗಸು

ಪ್ರತಿ ಶುಕ್ರವಾರ ಅವ್ವನಿಗೆ ಫೋನು. ಅಣ್ಣ ಕಿವಿಗೆ ಹಿಡಿಯುತ್ತಿದ್ದ. "ಅಲ್ಲಿ ರೊಟ್ಟಿ ಸಿಗತೈತೇನು?" ಎಂದು ಶುರು ಮಾಡಿ, ಅಣ್ಣ ಅತ್ತ ಹೋದದ್ದು ತಿಳಿದ ಕೂಡಲೇ ದನಿ ಇಳಿಸಿ "ತಿಳೀತೇನ ಬೇ?" ಎನ್ನುವಳು. ಇನ್ನೂ ಆ ಪಾಠ ಬಂದಿಲ್ಲ ಎನ್ನುತ್ತಿದ್ದೆ. ಅವಳ ದುವಾವನ್ನು ಉಸ್ತಾದಾಗೆ ಹೇಳಿ ಕೇಳಲು ಧೈರ್ಯ ಬಂದಿರಲಿಲ್ಲ. ನಾನೇ ಬಿಡಿಸುತ್ತೇನೆ ಎಂಬ ಹಟ ಒಂದು, ಏನು ಹೊರಬೀಳುತ್ತದೋ ಎಂಬ ಪುಕ್ಕಲು ಒಂದು.

ಎರಡನೆಯ ತಿಂಗಳು ಒಂದು ಬೆಳಿಗ್ಗೆ ಊರಾಚೆಗೆ ಹೋಗುವ ಸಣ್ಣ ಬಸ್ಸು ಹತ್ತಿದೆ. ನಮ್ಮ ಮುಂಡರಗಿಯ ಟೆಂಪೋಗಳ ಹಾಗೆಯೇ, ತುಂಬಿದ ಮೇಲೂ ಇನ್ನಿಬ್ಬರನ್ನು ತುಂಬಿಸಿದರು. ಪಕ್ಕದಲ್ಲಿ ಕಪ್ಪು ಅರಿವೆಯ ದಪ್ಪನೆಯ ಹೆಂಗಸು, ಮಡಿಲಲ್ಲಿ ಕೋಳಿಮರಿಗಳ ಡಬ್ಬಿ. ಬಸ್ಸು ಗುರ್ ಎಂದು ಹೊರಟಿತು. ಆ ಹೆಂಗಸು ಕಣ್ಣುಮುಚ್ಚಿ, ಸಣ್ಣ ದನಿಯಲ್ಲಿ, ಅವ್ವನ ಜ್ವರದ ದುವಾ ಹೇಳತೊಡಗಿದಳು.

ಅಕ್ಷರಕ್ಕೆ ಅಕ್ಷರ ಅದೇ. ಅಯ್ಯೋ ಪಾಪ, ಈಕೆಗೆ ಜ್ವರ ಬಂದಿದೆ ಅಂದುಕೊಂಡೆ. ಮತ್ತೇನೂ ಹೊಳೆಯಲೇ ಇಲ್ಲ ನನಗೆ. ಕೈ ಚಾಚಿ ಅವಳ ಹಣೆ ಮುಟ್ಟಿದೆ. ತಣ್ಣಗಿತ್ತು. ಅವಳು ಥಟ್ಟನೆ ಕಣ್ಣು ತೆರೆದಳು. ನಾನು ಅಲ್ಲಿಗೇ ಬಿಡದೆ ಕುತ್ತಿಗೆಯನ್ನೂ ಮುಟ್ಟಿ ನೋಡಿದೆ. ಕೋಳಿಮರಿಗಳು ಗದ್ದಲ ಎಬ್ಬಿಸಿದವು, ಹಿಂದಿನ ಸೀಟಿನವರು ಎದ್ದು ನಿಂತು ನೋಡಿದರು. ಜ್ವರವೇ, ಜ್ವರವೇ ಎಂದು ನನ್ನ ಗ್ರಂಥದ ಅರಬ್ಬಿಯಲ್ಲಿ ಕೇಳಿದೆ. ಆಕೆ ಒಂದು ಗಳಿಗೆ ಬೆರಗಾಗಿ, ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕು, ನನ್ನ ಹಣೆಯನ್ನೂ ಮುಟ್ಟಿ ನೋಡಿದಳು. ಇಳಿಯುವ ತನಕ ನನ್ನ ಕೈ ಬಿಡಲಿಲ್ಲ.

ಮರುದಿನ ಉಸ್ತಾದಾಗೆ ಎಲ್ಲ ಹೇಳಿದೆ. ಊರು, ಕಟ್ಟೆ, ಶಾಂತವ್ವ, ಕೂಸು, ಆಣೆ. ಅವರು ಬಟಾಣಿ ಕೆಳಗಿಟ್ಟರು. ಅವ್ವನ ಹಾಗೆಯೇ ಕಡೆಯ ಅಕ್ಷರ ಎಳೆದು ದುವಾ ಹೇಳಿದೆ.

"ಇದು ಸವಾರಿ ಹತ್ತೂ ಮುಂದ ಅನ್ನೂದು ಹಜ್ಜಾ" ಎಂದರು ಮೆಲ್ಲಗೆ. "ಕುದುರಿ ಇರಲಿ, ಬಸ್ಸ ಇರಲಿ, ವಿಮಾನ ಇರಲಿ. ನೀ ಬರೂ ಮುಂದ ವಿಮಾನದಾಗ ಕೇಳಿಲ್ಲೇನು?"

ಕಿವಿಯಲ್ಲಿ ಅರಳೆ ಇತ್ತು ಎಂದು ಹೇಗೆ ಹೇಳಲಿ!

ಒಂದೊಂದೇ ಶಬ್ದ ಬಿಡಿಸಿದೆವು. ನಮ್ಮ ಕಡೆ ಚೇಷ್ಟೆಗೆ ಮಸ್ಕಿರಿ ಎನ್ನುತ್ತೇವಲ್ಲ, ಒಂದರಲ್ಲಿ ಅದರ ಮೂರಕ್ಷರವೇ ಇದ್ದವು. ನಡುವಿನ ಅಕ್ಷರ ಒತ್ತಿದ್ದರಿಂದ ಪಳಗಿಸಿ ಕೈಗೆ ಕೊಡುವುದು ಎಂದಾಗಿತ್ತು. ಸವಾರಿ ಪಳಗಿದ್ದು ನಮ್ಮ ಬಲದಿಂದಲ್ಲ ಎಂಬ ಮಾತು ಅದು. ಕಡೆಯದು, ಅವ್ವ ಎಳೆದೆಳೆದು ಊದುತ್ತಿದ್ದದ್ದು, ತಿರುಗುವುದು ಎಂಬ ಧಾತುವಿನದು. ಎದೆಗೆ ಅರಬ್ಬಿಯಲ್ಲಿ ಕಲ್ಬ್ ಎನ್ನುತ್ತಾರಲ್ಲ, ಅದೇ ಧಾತು. ಮುಂದೆ ಆ ಇನ್ ಸೇರಿ, ನಾವು ತಿರುಗಿ ಹೋಗುವವರು, ಸೃಷ್ಟಿಸಿದವನ ಕಡೆಗೆ ಎಂದಾಗಿತ್ತು. ಬಿಡಿಸಿದ್ದು ನಾನೇ, ತಪ್ಪಿಲ್ಲದೆ. ಶಭಾಶ್ ಎನ್ನಬೇಕಾದ ಉಸ್ತಾದಾ ನನ್ನ ನೋಟುಬುಕ್ಕನ್ನು ಮೆಲ್ಲಗೆ ಮುಚ್ಚಿಟ್ಟರು.

ನದಿಯ ದಂಡೆ

ಕಡೆಯ ವಾರಗಳನ್ನು ನಾನು ನೈಲ್ ನದಿಯ ದಂಡೆಯಲ್ಲೇ ಕಳೆದೆ. ಅದು ನದಿಯ ಹಾಗೆ ಹರಿಯುವುದಿಲ್ಲ, ಯಾರೋ ನಿಧಾನವಾಗಿ ಎಳೆದುಕೊಂಡು ಹೋಗುವ ರೇಷ್ಮೆ ಅದು. ಹಾಯಿದೋಣಿಗಳು ಬಿಳಿಯಾಗಿ ಬಂದು ಬಿಳಿಯಾಗಿಯೇ ಕರಗುತ್ತಿದ್ದವು. ಚಳಿಗಾಲಕ್ಕೆ ನಮ್ಮ ಮಾಗಡಿ ಕೆರೆಗೆ ಬರುವ ಹಕ್ಕಿಗಳನ್ನು ನೋಡಲು ಚಿಕ್ಕಂದಿನಲ್ಲಿ ಹೀಗೇ ಕೂರುತ್ತಿದ್ದೆ, ಯಾವ ಊರಿನಿಂದ ಬಂದವೋ ಎಂದು. ಈಗ ನಾನೇ ಬಂದ ಹಕ್ಕಿ.

ಆದರೆ ಜ್ವರ ಹತ್ತಿದ ಕೂಸಿನ ನೆತ್ತಿಯ ಮೇಲೆ ಕೈಯಿಟ್ಟು ಅವ್ವ ಹೇಳಿದ್ದು ವಾಸಿಯಾಗಲೆಂದಲ್ಲ, ಹೊರಡುವ ಮಾತು, ಮರಳುವ ಮಾತು. ಕೂಸು ಹೊರಟೇ ಹೋಯಿತು. ಇದನ್ನು ಹೋಗಿ ಅವಳಿಗೆ ಹೇಳುವುದು ಹೇಗೆ? ವಾಸಿ ಮಾಡುವ ದುವಾ ಅವ್ವಾ, ಏನೂ ತಪ್ಪಿಲ್ಲ ಎಂದರೆ ಮುಗಿಯಿತು. ಅವಳು ಹಗುರಾಗಿ ಕಣ್ಣು ಮುಚ್ಚುತ್ತಾಳೆ. ಆ ಸುಳ್ಳನ್ನು ಎಲ್ಲ ಕಾಲದಲ್ಲೂ ಎಲ್ಲ ರೂಪದಲ್ಲೂ ಹೇಳಿ ನೋಡಿದೆ. ಹೇಳಿದೆ, ಹೇಳುತ್ತೇನೆ, ಹೇಳುವೆ. ಶುಕ್ರವಾರದ ಫೋನಿಗೆ ಮಾತ್ರ ಬಾಯಿ ಬರಲಿಲ್ಲ. "ಬಂದು ಹೇಳ್ತೇನವ್ವಾ" ಎಂದೆ. "ಆತು" ಎಂದಳು.

ಹೊರಡುವ ದಿನ ಉಸ್ತಾದಾ ಬಾಗಿಲ ತನಕ ಬಂದರು. ಏನು ಹೇಳಲಿ ಎಂದು ಕೇಳಿದೆ. "ಆಕಿ ನಿನ್ನ ಸುಳ್ಳ ಕೇಳಾಕ ಇಷ್ಟ ದೂರ ಕಳಿಸಿಲ್ಲ" ಎಂದು ಎರಡೂ ಕೆನ್ನೆಗೆ ಮುತ್ತು ಕೊಟ್ಟು ಒಳಗೆ ಹೋದರು. ವಿಮಾನದಲ್ಲಿ ಕಿವಿ ತೆರೆದಿಟ್ಟುಕೊಂಡೆ. ಅವ್ವನ ದುವಾ ಗಂಡುದನಿಯಲ್ಲಿ, ರಾಗವಾಗಿ ಬಂತು. ಎಲ್ಲರ ಜೊತೆ ನಾನೂ ಹೇಳಿದೆ, ಮೊದಲ ಸಲ ತಿಳಿದು.

ಲಕ್ಷ್ಮೇಶ್ವರ

ಮನೆ ಮುಟ್ಟಿದಾಗ ಬೆಳಗಿನ ಬಿಸಿಲು ಪಡಸಾಲೆಗೆ ಬಂದಿತ್ತು. ಅವ್ವ ಇನ್ನೂ ಸಣ್ಣಗಾಗಿದ್ದಳು. ಅಣ್ಣನನ್ನು ಚಹಾಪುಡಿ ತರಲು ಅಟ್ಟಿದಳು.

"ಕುಂಡ್ರು. ಹೇಳು."

ಕಟ್ಟಿಕೊಂಡು ಬಂದ ಸುಳ್ಳು ಎಲ್ಲಿ ಹೋಯಿತೋ. ಅವಳ ಕೈ ನನ್ನ ಕೈ ಮೇಲಿತ್ತು, ಅದರ ಭಾರಕ್ಕೆ ಖರೆಯೇ ಹೊರಬಿತ್ತು. ಒಂದೊಂದು ಶಬ್ದ ಹೇಳಿ ಅರ್ಥ ಹೇಳಿದೆ. "ಜ್ವರದ್ದಲ್ಲವ್ವಾ ಇದು. ಗಾಡಿ ಹತ್ತೂ ಮುಂದ ಅನ್ನೂದು" ಎಂದು ಮುಗಿಸಿ ತಲೆ ತಗ್ಗಿಸಿದೆ.

ಅವ್ವನ ಮಂಚ ಅಲುಗಿತು. ಅಳುತ್ತಾಳೆ ಎಂದು ನೋಡಿದರೆ ನಗುತ್ತಿದ್ದಳು.

"ನಮ್ಮಪ್ಪ ಗದಗಿನ್ಯಾಗ ಟಾಂಗಾ ಹೊಡೀತಿದ್ದ. ದಿನಾ ಮುಂಜಾನೆ ಟಾಂಗಾ ಹತ್ತೂ ಮುಂದ ಇದನ್ನ ಅಂತಿದ್ದ. ಛಲೋ ಮಾತ ಇರಬೇಕಂತ ನಾ ಬಾಯಾಗ ಹಿಡಕೊಂಡೆ. ಒಮ್ಮೆ ತಮ್ಮಗ ಜ್ವರಾ ಬಂದಾಗ ನನಗ ಬರ್ತಿದ್ದದ್ದ ಇದೊಂದ, ಅಂದೆ. ಇಳೀತು." ಉಸಿರು ತೆಗೆದುಕೊಂಡಳು. "ಅದಕ್ಕ ನೋಡ, ನಾ ಊದಿದ ಹುಡುಗೂರು ಒಬ್ಬರೂ ಊರಾಗ ನಿಲ್ಲಲಿಲ್ಲ. ಗೋವಾಕ್ಕ ಹೋದ್ರು, ಪುಣೇಕ್ಕ ಹೋದ್ರು. ನಿನಗೂ ಊದಿದ್ದೆ, ನೀ ಮುದುಕಿ ಆಗಿ ಹೋದಿ."

ಇಬ್ಬರೂ ನಕ್ಕೆವು. ನಗು ನಿಂತಿತು. ಅವ್ವ ಬಾಗಿಲಾಚೆ ನೋಡುತ್ತಿದ್ದಳು.

"ಕಡೀ ಮಾತ ಏನಂದಿ? ಇನ್ನೊಮ್ಮೆ ಅನ್ನು."

"ತಿರುಗಿ ಹೋಗೋರು. ಹುಟ್ಟಿಸಿದವನ ಕಡೆ."

ಅವಳ ತುಟಿಗಳು ಅಲುಗಿದವು, ಒಳಗೊಳಗೇ ಒಪ್ಪಿಸಿಕೊಳ್ಳುವ ಹಾಗೆ. ಕಣ್ಣಂಚಿನ ನೀರು ಕಿವಿಯ ಕಡೆಗೆ ಇಳಿಯಿತು. ಒರೆಸಿಕೊಳ್ಳಲಿಲ್ಲ.

"ಹಂಗಾರ ಆ ಕೂಸನ್ನ ನಾ ಸುಮ್ನ ಕಳಸಿಲ್ಲ ಬೇ. ದಾರಿ ಮಾತ ಹೇಳೇ ಕಳಸೀನಿ." ನನ್ನ ಕೈ ಬಿಟ್ಟು, "ಶಾಂತವ್ವನ್ನ ಕರಿ" ಎಂದಳು.

ಓಣಿ ದಾಟಿದೆ. ಶಾಂತವ್ವ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. "ಯಾವಾಗ ಬಂದಿ ತಂಗಿ? ಅವ್ವ ಆರಾಮ ಅದಾಳಿಲ್ಲೋ?" ಎಂದಳು.

"ಆರಾಮ ಅದಾಳ. ನಿಮ್ಮನ್ನ ಕರೀತಾಳ. ಏನೋ ಹೇಳೂದೈತಂತ, ನಿಮ್ಮ ಚೊಚ್ಚಲ ಕೂಸಿಂದು."

ಅವಳ ಕೈ ಮೊರದಲ್ಲೇ ನಿಂತಿತು.

"ನಮ್ಮ ಗಂಗೀದೇನು?"

ಆ ಕೂಸಿನ ಹೆಸರನ್ನು ನಲವತ್ತು ವರ್ಷದಲ್ಲಿ ಯಾರ ಬಾಯಲ್ಲೂ ನಾನು ಕೇಳಿರಲಿಲ್ಲ. ಶಾಂತವ್ವ ಜೋಳ ಚೆಲ್ಲಿದ್ದನ್ನೂ ನೋಡದೆ ಎದ್ದಳು, ಚಪ್ಪಲಿ ಕೂಡ ಮೆಟ್ಟದೆ ನನಗಿಂತ ಮೊದಲೇ ಓಣಿ ದಾಟಿದಳು.